ದ್ರಾಕ್ಷಿ ಒರೆಸಿದ ಶನಿವಾರ

ನೀವು ಯಾವತ್ತಾದರೂ ದ್ರಾಕ್ಷಿ ಒರೆಸಿದ್ದೀರಾ?

ತೊಳೆಯುವುದಲ್ಲ. ತೊಳೆಯುವುದನ್ನು ಎಲ್ಲರೂ ಮಾಡುತ್ತೀರಿ. ಉಪ್ಪು ಹಾಕಿ, ಅರಿಶಿನ ಹಾಕಿ, ಯೂಟ್ಯೂಬ್ ಜಾಸ್ತಿ ನೋಡುವವರು ವಿನೆಗರ್ ಕೂಡ ಹಾಕಿ. ನಾನು ಕೇಳುತ್ತಿರುವುದು ಒರೆಸುವುದರ ಬಗ್ಗೆ. ಗೊಂಚಲನ್ನು ಎಳೆ ಮಗುವಿನ ಹಾಗೆ ಎಡಗೈ ಮೇಲೆ ಮಲಗಿಸಿಕೊಂಡು, ಬಲಗೈಯಲ್ಲಿ ಒದ್ದೆ ಬಟ್ಟೆ ಹಿಡಿದು, ಒಂದೊಂದೇ ಹಣ್ಣನ್ನು ಹೊಳೆಯುವವರೆಗೆ ಉಜ್ಜುವುದು.

ನಾವು ಒರೆಸಿದ್ದೇವೆ. ಈ ಸಲ ಶಿವರಾತ್ರಿ ಕಳೆದ ಮೇಲಿನ ಒಂದು ಶನಿವಾರ, ಬಸವನಗುಡಿಯ ನಮ್ಮ ಮನೆಯ ಹಾಲ್‌ನಲ್ಲಿ, ಟೀವಿಯಲ್ಲಿ ಯಾವುದೋ ಅಡುಗೆ ಕಾರ್ಯಕ್ರಮ ಹಾಕಿಕೊಂಡು, ಮಧ್ಯಾಹ್ನದ ಊಟದಿಂದ ಸಂಜೆಯ ಕಾಫಿಯವರೆಗೆ ಕ್ರೇಟುಗಟ್ಟಲೆ ದ್ರಾಕ್ಷಿ ಒರೆಸಿದ್ದೇವೆ. ನಗುನಗುತ್ತಾ ಒರೆಸಿದ್ದೇವೆ. ಎಲ್ಲರಿಗಿಂತ ಶ್ರದ್ಧೆಯಿಂದ ಒರೆಸಿದವರು ನಮ್ಮ ಅತ್ತಿಗೆ. 

ಮೊದಲಿನಿಂದ ಹೇಳುತ್ತೇನೆ.

ನಮ್ಮಣ್ಣನದು ದೊಡ್ಡಬಳ್ಳಾಪುರದ ಕಡೆ ದ್ರಾಕ್ಷಿ ತೋಟ. ಬೆಂಗಳೂರು ಬ್ಲೂ ಅನ್ನುತ್ತಾರಲ್ಲ, ಜ್ಯೂಸ್ ಅಂಗಡಿಯಲ್ಲಿ ನೀವು ನಾಲಿಗೆ ನೀಲಿ ಮಾಡಿಕೊಂಡು ಕುಡಿಯುವ ಕಪ್ಪು ದ್ರಾಕ್ಷಿ, ಅದು. ಅಪ್ಪ ಹಾಕಿದ ಚಪ್ಪರ. ನಾನು ಓದಿ, ಬ್ಯಾಂಕ್ ಕೆಲಸ ಹಿಡಿದು, ಬಸವನಗುಡಿಗೆ ಸೊಸೆಯಾಗಿ ಬಂದೆ. ಅಣ್ಣ ತೋಟದಲ್ಲೇ ಉಳಿದ. ಒಳ್ಳೆಯ ಕೆಲಸಗಾರ, ಅದಕ್ಕಿಂತ ಒಳ್ಳೆಯ ಮಾತುಗಾರ. ಹೆಗಲ ಮೇಲೆ ಸದಾ ಒಂದು ಬಿಳಿ ಟವೆಲ್. ಒಮ್ಮೆ ಪಂಚಾಯ್ತಿ ಚುನಾವಣೆಗೆ ನಿಂತು ಸೋತ. (ಚುನಾವಣೆ ಮುಗಿದು ಎಷ್ಟೋ ವರ್ಷವಾಯಿತು, ಭಾಷಣ ಇನ್ನೂ ಮುಗಿದಿಲ್ಲ.)

ಅಣ್ಣನ ಮನೆ ತೋಟದೊಳಗೇ ಇದೆ. ಚಪ್ಪರದ ಕೊನೆಯ ಸಾಲು ಅಡುಗೆಮನೆಯ ಕಿಟಕಿಯ ಹತ್ತಿರಕ್ಕೇ ಬಂದು ನಿಂತಿದೆ. ನೋಡಲು ಬಹಳ ಚಂದ. ಫೋಟೋ ತೆಗೆದು ಸ್ಟೇಟಸ್ ಹಾಕಿಕೊಳ್ಳುವವರಿಗೆ ಇನ್ನೂ ಚಂದ. ಆದರೆ ಔಷಧಿ ಹೊಡೆಯುವ ದಿನ ಆ ಮನೆಯಲ್ಲಿ ಇದ್ದು ನೋಡಬೇಕು. ಕಿಟಕಿ, ಬಾಗಿಲು ಎಲ್ಲ ಮುಚ್ಚಿದರೂ ಅನ್ನದ ತಪ್ಪಲೆಯ ಮುಚ್ಚಳ ತೆಗೆದರೆ ಅದೇ ವಾಸನೆ.

ಅತ್ತಿಗೆಗೆ ಅದು ಆಗುವುದಿಲ್ಲ. ಕಣ್ಣು ಉರಿ, ಗಂಟಲು ಕೆರೆತ, ಆಮೇಲೆ ಉಬ್ಬಸ. ವರ್ಷದಿಂದ ವರ್ಷಕ್ಕೆ ಜಾಸ್ತಿಯಾಗುತ್ತಾ ಬಂತು. ಚಾಮರಾಜಪೇಟೆಯಲ್ಲಿ ನಮಗೆ ಗೊತ್ತಿರುವ ಒಬ್ಬ ಡಾಕ್ಟರಿಗೆ ತೋರಿಸಿದೆವು. ಅವರು ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಕಥೆಯೆಲ್ಲ ಕೇಳಿ, "ನೀವು ಆ ಗಾಳಿಯಿಂದ ದೂರ ಇರ್ಬೇಕಮ್ಮ, ಬೇರೆ ದಾರಿ ಇಲ್ಲ" ಎಂದರು.

ಸರಿ, ದೂರ ಅಂದರೆ ಎಲ್ಲಿ? ನಮ್ಮ ಮನೆ.

ಅಂದಿನಿಂದ ಅದೊಂದು ಪದ್ಧತಿಯೇ ಆಗಿಹೋಯಿತು. ತೋಟಕ್ಕೆ ಔಷಧಿ ಹೊಡೆಯುವ ಹಿಂದಿನ ದಿನ ಅತ್ತಿಗೆ ಒಂದು ಬ್ಯಾಗ್ ಹಿಡಿದು ಬಸವನಗುಡಿಗೆ ಬಂದುಬಿಡುವುದು. ವಾಸನೆ ಇಳಿದ ಮೇಲೆ ವಾಪಸ್ಸು ಹೋಗುವುದು. ದ್ರಾಕ್ಷಿಗೆ ಔಷಧಿ ಹೊಡೆಯುವುದು ವರ್ಷಕ್ಕೊಮ್ಮೆಯ ಹಬ್ಬವಲ್ಲವಲ್ಲ. ಚಿಗುರಿಗೆ ಒಂದು, ಹೂವಿಗೆ ಒಂದು, ಮೋಡ ಕವಿದರೆ ಒಂದು, ಮಳೆ ನಿಂತರೆ ಇನ್ನೊಂದು. ಅತ್ತಿಗೆ ತಮ್ಮ ಮನೆಯಲ್ಲಿ ಇದ್ದದ್ದಕ್ಕಿಂತ ನಮ್ಮ ಮನೆಯಲ್ಲಿ ಇದ್ದದ್ದೇ ಹೆಚ್ಚು ಅನ್ನಿಸುವಂಥ ವರ್ಷಗಳೂ ಬಂದವು.

ನನಗೆ ಅದರಿಂದ ಸಂತೋಷವೇ. ಅತ್ತಿಗೆ ಬಂದರೆ ಮನೆಯಲ್ಲಿ ಹುರುಳಿಕಾಳು ಬಸ್ಸಾರು, ಮುದ್ದೆ, ಅಮ್ಮನ ಮನೆಯ ಮಾತು. ಆದರೆ ಅವರಿಗೆ? ಒಂದು ದಿನ ಸೊಪ್ಪು ಬಿಡಿಸುತ್ತಾ ಅವರು ಹೇಳಿದ್ದು ನೆನಪಿದೆ. "ನೋಡೇ ಶಾರೂ, ಗಂಡನ ಮನೇಲಿ ಇಷ್ಟು ವರ್ಷ ಬಾಳ್ವೆ ಮಾಡಿ, ಈಗ ನನ್ನ ಒಲೆ ಮುಂದೆ ನಿಲ್ಲೋಕೆ ನಾನು ಗಾಳಿ ಯಾವ ಕಡೆ ಬೀಸ್ತಿದೆ ಅಂತ ನೋಡ್ಬೇಕು."

ಅವರಿಗೆ ಬೇಕಾಗಿದ್ದದ್ದು ಅಷ್ಟೇ. ಅವರ ಮನೆಯಲ್ಲಿ ಅವರು ಇರುವುದು. ಅದೇನು ದೊಡ್ಡ ಆಸೆಯೇ ಹೇಳಿ?

ಹೋದ ವರ್ಷ ಮಳೆಗಾಲದ ಶುರುವಿನಲ್ಲಿ ಹೀಗೇ ಬಂದಿದ್ದರು. ಬೆಳಗ್ಗೆ ನನ್ನ ಜೊತೆ ವಾಕಿಂಗ್‌ಗೆ ಹೊರಟರು. ನಮ್ಮ ರಸ್ತೆಗಳು ನಿಮಗೆ ಗೊತ್ತೇ ಇವೆ. ಆ ಕಾಲದಲ್ಲಿ ಬೇವಿನ ಮರದ ಕೆಳಗೆಲ್ಲ ಹಳದಿ ಹಣ್ಣು. ಕಾಲಿಟ್ಟರೆ ಪಚಕ್. ಕಾರಿನ ಮೇಲೆ ಬಿದ್ದರೆ ಓನರ್ ಮುಖ ನೋಡುವ ಹಾಗಿರುವುದಿಲ್ಲ. ನಾವು ಮೂಗು ಮುರಿದು ದಾಟಿ ಹೋಗುವ ಜಾಗದಲ್ಲಿ ಅತ್ತಿಗೆ ನಿಂತುಬಿಟ್ಟರು.

"ಇದನ್ನ ಗುಡಿಸಿ ಕಸಕ್ಕೆ ಹಾಕ್ತಾರಾ?"

"ಮತ್ತೇನ್ ಮಾಡ್ತಾರೆ ಅತ್ತಿಗೆ?"

ಅತ್ತಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಫುಟ್‌ಪಾತ್ ಮೇಲೆ ಕುಕ್ಕರಗಾಲಲ್ಲಿ ಕುಳಿತು ಆರಿಸಲು ಶುರು ಮಾಡಿದರು. ನನಗೆ ನಾಚಿಕೆ. ಬ್ಯೂಗಲ್ ರಾಕ್ ಕಡೆಯಿಂದ ನಮ್ಮ ವಾಕಿಂಗ್ ಗ್ರೂಪ್ ಬರುತ್ತಿದೆ, ನಮ್ಮ ಅತ್ತಿಗೆ ರಸ್ತೆಯಲ್ಲಿ ಕುಳಿತು ಏನೋ ಹೆಕ್ಕುತ್ತಿದ್ದಾರೆ! ಎದುರು ಮನೆಯ ವಸುಧಾ ಹತ್ತಿರ ಬಂದು, "ಏನಾದ್ರೂ ಬಿದ್ದೋಯ್ತಾ ಜಯಮ್ಮನವ್ರೇ? ಓಲೆನಾ?" ಎಂದು ತಾವೂ ಬಗ್ಗಿ ಹುಡುಕತೊಡಗಿದರು.

ಅತ್ತಿಗೆ ವಿಷಯ ಹೇಳಿದರು. ಬೇವಿನ ಬೀಜ ಒಣಗಿಸಿ, ಕುಟ್ಟಿ, ನೀರಿನಲ್ಲಿ ನೆನೆಸಿ ಹೊಡೆದರೆ ಹುಳ ಹತ್ತುವುದಿಲ್ಲ. ಜೊತೆಗೆ ಸೀತಾಫಲದ ಎಲೆ, ಎಕ್ಕದ ಎಲೆ, ಹೊಂಗೆ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ. ಯಾರೋ ನೆಂಟರ ತೋಟದಲ್ಲಿ ನೋಡಿದ್ದರಂತೆ. "ಆ ವಾಸನೆ ನಂಗೆ ತಡ್ಕೊಳಕ್ಕಾಗುತ್ತೆ. ನಮ್ಮನೆಯವ್ರು ಒಪ್ಪಿದ್ರೆ ನಾನು ಊರಲ್ಲೇ ಇರ್ಬೋದು" ಎಂದರು.

ಮಾರನೆಯ ದಿನ ನೋಡಬೇಕಿತ್ತು ನಮ್ಮ ವಾಕಿಂಗ್ ಗ್ರೂಪ್! ಎಲ್ಲರ ಕೈಯಲ್ಲೂ ಒಂದೊಂದು ಬಟ್ಟೆ ಚೀಲ. ಬಗ್ಗಿದರೆ ಸೊಂಟ ಹಿಡಿಯುತ್ತದೆ ಎಂದು ಯೋಗ ಕ್ಲಾಸಿನಲ್ಲಿ ಗೊಣಗುವವರೆಲ್ಲ ಬೇವಿನ ಮರದ ಕೆಳಗೆ ಬಗ್ಗಿದ್ದೇ ಬಗ್ಗಿದ್ದು. ಅವರವರ ಟೆರೇಸ್ ಮೇಲೆ ಹಳೇ ಸೀರೆ ಹಾಸಿ, ಮಳೆ ಬಿಡುವು ಕೊಟ್ಟಾಗಲೆಲ್ಲ ಒಣಗಿಸಿದರು. ಹಪ್ಪಳ ಸಂಡಿಗೆ ಇಡುವುದನ್ನು ಬಿಟ್ಟು ವರ್ಷಗಳಾಗಿದ್ದ ತಾರಸಿಗಳಲ್ಲಿ ಬೇವಿನ ಬೀಜ. ಎಲ್ಲರ ಪೈಕಿ ಹೆಚ್ಚು ಕೂಡಿಸಿದವರು ವಸುಧಾ. ಇದನ್ನು ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ನಿಮಗೆ ಅವರ ಮೇಲೆ ಸಿಟ್ಟು ಬರಬಹುದು.

ಅಣ್ಣ ಒಪ್ಪಿದನೇ? ಸುಲಭವಾಗಿ ಎಲ್ಲಿ ಒಪ್ಪುತ್ತಾನೆ. "ಕಷಾಯ ಕೊಟ್ಟು ಹುಳ ಓಡಿಸೋಕೆ ಹುಳಕ್ಕೇನು ನೆಗಡಿನಾ?" ಎಂದು ಫೋನಿನಲ್ಲಿ ನನಗೇ ಗದರಿದ. ಆದರೆ ಅತ್ತಿಗೆ ಚೀಲ ಚೀಲ ಬೀಜ ತೆಗೆದುಕೊಂಡು ಹೋಗಿ ಅಂಗಳದಲ್ಲಿ ಇಳಿಸಿದಾಗ ಅವನಿಗೂ ಏನನ್ನಿಸಿತೋ. ಬಸವನಗುಡಿಯ ಹೆಂಗಸರು ತನ್ನ ತೋಟಕ್ಕಾಗಿ ಬೀದಿಯಲ್ಲಿ ಬಗ್ಗಿದ್ದಾರೆ ಅನ್ನುವುದು ಅವನೊಳಗಿನ ಕ್ಯಾಂಡಿಡೇಟಿಗೆ ಹಿತವಾಗಿರಬೇಕು. ಒಂದು ಬೆಳೆ ನೋಡೋಣ ಎಂದ.

ಕಷ್ಟವೇನೂ ಕಡಿಮೆ ಇರಲಿಲ್ಲ. ಹಿತ್ತಿಲಲ್ಲಿ ಡ್ರಮ್ಮು, ಅದರಲ್ಲಿ ಕೊಳೆಯುವ ಎಲೆ, ಅದರ ನಾತ. ಅತ್ತಿಗೆಯ ಮಿಕ್ಸಿ ಬೆಳ್ಳುಳ್ಳಿ, ಮೆಣಸಿನಕಾಯಿ ರುಬ್ಬಿ ರುಬ್ಬಿ ಸತ್ತೇ ಹೋಯಿತು. ಬೇವಿನೆಣ್ಣೆ ನೀರಿನಲ್ಲಿ ಬೆರೆಯದೆ ತೇಲಿದಾಗ ಅಂಟುವಾಳದ ಕಾಯಿ ಕಿವುಚಿ ಸೇರಿಸಿದರು. ಮಳೆ ಬಂದರೆ ಹೊಡೆದದ್ದೆಲ್ಲ ತೊಳೆದುಹೋಗುತ್ತದೆ, ಮತ್ತೆ ಹೊಡೆಯಬೇಕು. ನಡುವೆ ಒಂದು ಸಲ ಬೂಜು ರೋಗ ಬಂದು ಒಂದಷ್ಟು ಸಾಲು ಕೈಬಿಟ್ಟೇ ಹೋಯಿತು. ಅಣ್ಣ ಬೈದ, ಕೂಗಾಡಿದ, ಪಂಪ್ ಹೊತ್ತು ಮತ್ತೆ ತೋಟಕ್ಕೆ ನಡೆದ. ಆ ಶ್ರಮವನ್ನು ನಾನು ಇಲ್ಲವೆನ್ನುವುದಿಲ್ಲ.

ಆದರೆ ಅತ್ತಿಗೆ ನಮ್ಮ ಮನೆಗೆ ಬರುವುದು ನಿಂತುಹೋಯಿತು.

ದೀಪಾವಳಿಗೆ ನಾನೇ ಅಲ್ಲಿಗೆ ಹೋದೆ. ಬೆಳಗ್ಗೆ ಎದ್ದು ಅಡುಗೆಮನೆಗೆ ಬಂದರೆ ಅತ್ತಿಗೆ ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದರು. ಕಿಟಕಿ ಹಾರುಹೊಡೆದಿತ್ತು. ಚಪ್ಪರದ ಎಲೆಗಳು ಒಳಗೇ ಇಣುಕುತ್ತಿದ್ದವು. "ನೋಡಿದ್ಯಾ, ಕಿಟಕಿ ತೆಗ್ದಿಟ್ಟು ಒಗ್ಗರಣೆ ಹಾಕ್ತಿದೀನಿ!" ಎಂದು ಅವರು ತಿರುಗಿ ನಕ್ಕಿದ್ದು, ಮದುವೆಯಾಗಿ ಬಂದ ಹೊಸತರಲ್ಲಿ ನಗುತ್ತಿದ್ದರಲ್ಲ, ಆ ನಗು.  ಒಂದು ಕಿಟಕಿ ತೆಗೆದದ್ದಕ್ಕೆ ಯಾರಾದರೂ ಅಷ್ಟು ಖುಷಿ ಪಡುತ್ತಾರಾ?

ಶಿವರಾತ್ರಿ ಕಳೆಯಿತು. ದ್ರಾಕ್ಷಿ ಕೊಯ್ಲಿಗೆ ಬಂತು. ಮಂಡಿಗೆ ಹಾಕಿದರೆ ಎಲ್ಲರ ಹಣ್ಣಿನ ಜೊತೆ ಇದೂ ಒಂದು, ಬೇವಿಗೆ ಅಲ್ಲಿ ಬೆಲೆಯಿಲ್ಲ. ಅದಕ್ಕೇ ಅಣ್ಣ ಭಾನುವಾರ ಟೆಂಪೋದಲ್ಲಿ ತಂದು ನಮ್ಮ ಮನೆಯ ಗೇಟಿನ ಮುಂದೆಯೇ ಮಾರುವುದು ಎಂದು ತೀರ್ಮಾನವಾಯಿತು. ಅವೆನ್ಯೂ ರಸ್ತೆಗೆ ಹೋಗಿ ಸ್ಟಿಕ್ಕರ್ ಮಾಡಿಸಿಕೊಂಡು ಬಂದ. ಹಸಿರು ಅಕ್ಷರದಲ್ಲಿ "ಬೇವಿನ ದ್ರಾಕ್ಷಿ". (ಮೊದಲ ಗಿರಾಕಿ ಕೇಳಿದ ಮೊದಲ ಪ್ರಶ್ನೆ: "ಕಹಿ ಇರುತ್ತಾ?")

ಇಡೀ ವಾಕಿಂಗ್ ಗ್ರೂಪ್ ಬಂದಿತ್ತು. ಬೇವಿನ ಬೀಜ ಆರಿಸಿದ ಹಕ್ಕಿನಿಂದ ವಸುಧಾ ಎಲ್ಲರಿಗಿಂತ ಮುಂದೆ. ಒಂದು ಗೊಂಚಲು ಎತ್ತಿಕೊಂಡರು. ಹೆಬ್ಬೆರಳಿನಿಂದ ಒಂದು ಹಣ್ಣನ್ನು ಸವರಿದರು. ಬೆರಳಿನ ಗುರುತು ಮೂಡಿತು. ಸುತ್ತ ಬೆಳ್ಳಗೆ, ನಡುವೆ ಕಪ್ಪಗೆ.

"ಇದೇನ್ರೀ ಶಾರದಾ? ಔಷಧಿ ಪುಡಿ ಹಾಗೇ ಕೂತಿದೆ!"

ಅಲ್ಲಿದ್ದವರೆಲ್ಲ ಗೊಂಚಲು ಎತ್ತಿ ನೋಡಿದರು. ಹೌದು, ಎಲ್ಲದರ ಮೇಲೂ ತೆಳ್ಳಗೆ ಬಿಳಿ ಪುಡಿ. ಒಬ್ಬರು ಮೂಸಿದರು. ಒಬ್ಬರು ಕೈ ಸೀರೆಗೆ ಒರೆಸಿಕೊಂಡರು. ನಾನು? ನಾನೂ ಹೆದರಿದೆ ಸ್ವಾಮಿ. ದ್ರಾಕ್ಷಿ ತೋಟದ ಮನೆಯಲ್ಲಿ ಹುಟ್ಟಿದವಳು ನಾನು, ಆದರೂ ಇಷ್ಟು ವರ್ಷ ಉಪ್ಪು, ಅರಿಶಿನದ ನೀರಿನಲ್ಲಿ ತಿಕ್ಕಿ ತಿಕ್ಕಿ ತೊಳೆದದ್ದು ಇದೇ ಪುಡಿಯನ್ನಲ್ಲವೇ?

ಅಣ್ಣ ಹೇಳಲು ನೋಡಿದ. "ಇಲ್ಲ ತಾಯಿ, ಅದು ಹುಟ್ತಾನೇ ಬರೋದು. ಮಂಡಿಲಿ ಈ ಪುಡಿ ಇದ್ರೇನೇ ಹಣ್ಣು ಫ್ರೆಶ್ಶು ಅಂತಾರೆ."

"ಪುಡಿ ಎಲ್ಲಾದ್ರೂ ಹುಟ್ತಾ ಬರುತ್ತಾ?" ಯಾರೋ ನಕ್ಕರು. ಕೊಳ್ಳಲು ಬಂದವರು ಒಬ್ಬೊಬ್ಬರೇ ಹಿಂದೆ ಸರಿಯತೊಡಗಿದರು. ಜನ ಹಿಂದೆ ಸರಿಯುವುದನ್ನು ನೋಡಿಯೂ ಸುಮ್ಮನಿರುವ ಶಕ್ತಿಯನ್ನು ದೇವರು ನಮ್ಮಣ್ಣನಿಗೆ ಕೊಟ್ಟಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದ. ಗೊಂಚಲು ಕೈಗೆತ್ತಿಕೊಂಡು, ಎಲ್ಲರೂ ನೋಡುತ್ತಿದ್ದಂತೆ ಸರಸರನೆ ಒರೆಸಿದ.

"ನೋಡಿ ತಾಯಿ. ಈಗ ಹೇಳಿ!"

ಅಬ್ಬಾ, ಆ ಹೊಳಪು! ಕನ್ನಡಿಯ ಹಾಗೆ ಮಿರಮಿರ ಮಿಂಚುವ ಕಪ್ಪು. "ಹೀಗ್ ಕೊಡೋದಾದ್ರೆ ನಂಗೆ ಎರಡು ಕೆಜಿ" ಎಂದರು ವಸುಧಾ. ಅಣ್ಣ ಒರೆಸಿ ಒರೆಸಿ ಕೊಟ್ಟ. ಟವೆಲ್ ನೀಲಿಯಾಯಿತು. ಒಂದು ಕ್ರೇಟ್ ಒರೆಸುವಷ್ಟರಲ್ಲಿ ಕೈ ಸೋತು, ಉಳಿದದ್ದನ್ನು ವಾಪಸ್ಸು ಒಯ್ದ. ಹೋಗುವಾಗ ಹೇಳಿದ: "ಮುಂದಿನ್ ವಾರ ಶನಿವಾರಾನೇ ತಂದ್ಬಿಡ್ತೀನಿ. ಒರೆಸಿ, ಪ್ಯಾಕ್ ಮಾಡಿ ರೆಡಿ ಇಟ್ಕೊಂಡ್ಬಿಡೋಣ."

ಹಾಗೆ ಬಂತು ಆ ಶನಿವಾರ.

ಅಣ್ಣ ಕ್ರೇಟ್ ಇಳಿಸಿದ, ಅತ್ತಿಗೆಯೂ ಜೊತೆಗೆ ಬಂದಿದ್ದರು. ನಮ್ಮ ಯಜಮಾನರ ಹಳೇ ಪಂಚೆ ಹರಿದು ನಾನೇ ತುಂಡು ಮಾಡಿ ಕೊಟ್ಟೆ. ಬಕೆಟ್ ನೀರು ಮಧ್ಯೆ. ಸುತ್ತ ನಾವು. ಮದುವೆ ಮನೆಯಲ್ಲಿ ತರಕಾರಿ ಹೆಚ್ಚಲು ಕುಳಿತವರ ಹಾಗೆ ಮಾತು, ನಗು, ಹಳೇ ಹಾಡು. ಅಣ್ಣ ಭಾಷಣ ಬಿಗಿದ. ಮುಂದಿನ ವರ್ಷ ಮಲ್ಲೇಶ್ವರದಲ್ಲೂ ಒಂದು ಪಾಯಿಂಟ್ ಮಾಡುವುದಂತೆ, ಆಮೇಲೆ ಚಾಮರಾಜಪೇಟೆಯಂತೆ.

ಅತ್ತಿಗೆ ಮಾತ್ರ ಒರೆಸುತ್ತಿದ್ದರು. ನಾವೆಲ್ಲ ಗೊಂಚಲಿನ ಹೊರಭಾಗ ಸವರಿ ಇಟ್ಟರೆ ಅವರು ಬಟ್ಟೆಯ ತುದಿಯನ್ನು ಹುರಿ ಮಾಡಿ, ಒಳಗಿನ ಹಣ್ಣಿನ ಸಂದಿಗೂ ತೂರಿಸಿ ಉಜ್ಜುತ್ತಿದ್ದರು. "ಸಾಕು ಬಿಡಿ ಅತ್ತಿಗೆ, ಒಳಗಡೆ ಯಾರ್ ನೋಡ್ತಾರೆ?" ಎಂದೆ. "ಒಬ್ರು ನೋಡಿ ಬೇಡ ಅಂದ್ರೂ ಕಷ್ಟ ಕಣೆ" ಎಂದರು. ಪ್ರತಿ ಗೊಂಚಲನ್ನೂ ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿ ಆಮೇಲೆ ಡಬ್ಬಿಗೆ ಇಟ್ಟರು. ಒದ್ದೆ ಒದ್ದೆಯಾಗಿಯೇ. ಮುಚ್ಚಳ ಹಾಕಿದೆವು, ಸ್ಟಿಕ್ಕರ್ ಅಂಟಿಸಿದೆವು.

ಭಾನುವಾರ ತಿಂಡಿಯ ಹೊತ್ತಿಗೆ ಎಲ್ಲ ಖಾಲಿ. ಅಣ್ಣ ಮಸಾಲೆ ದೋಸೆ ಕೊಡಿಸಿದ. ಗಾಂಧಿಬಜಾರಿನ ನೂಕುನುಗ್ಗಲಿನಲ್ಲಿ, ಅಷ್ಟು ವರ್ಷಗಳಲ್ಲಿ ಮೊದಲ ಸಲ, ಗಂಡ ಹೆಂಡತಿ ಪಕ್ಕಪಕ್ಕ ಕುಳಿತು ತಿನ್ನುವುದನ್ನು ನೋಡಿದೆ.

ಮಂಗಳವಾರ ಫೋನ್ ಶುರುವಾಯಿತು.

ವಾಕಿಂಗ್ ಗ್ರೂಪಿನ ವಾಟ್ಸಾಪಿನಲ್ಲಿ ಫೋಟೋ ಮೇಲೆ ಫೋಟೋ. ಡಬ್ಬಿಯೊಳಗೆ ದ್ರಾಕ್ಷಿ ಬೆವೆತು, ತೊಟ್ಟಿನ ಹತ್ತಿರ ಬೂಜು, ತಳದಲ್ಲಿ ಕಪ್ಪು ನೀರು. ಒಬ್ಬರು ಮೂಗು ಮುಚ್ಚಿಕೊಂಡ ಬೊಂಬೆ ಹಾಕಿದರು. ಒಬ್ಬರು ವಾಂತಿಯ ಬೊಂಬೆ. ವಸುಧಾ ಬರೆದದ್ದು ಸಿಟ್ಟಿನಿಂದಲ್ಲ, ಬೇಜಾರಿನಿಂದ: "ಪಾಪ, ಔಷಧಿ ಹೊಡೆಯದಿದ್ದರೆ ಹೀಗೇ ಆಗುವುದು. ಆರ್ಗ್ಯಾನಿಕ್ ಎಂದರೆ ನಮ್ಮ ಕಾಲಕ್ಕೆ ಆಗಿಬರುವುದಿಲ್ಲ ಅನ್ನಿಸುತ್ತದೆ." ಅದಕ್ಕೆ ಹದಿನಾರು ಕಡೆಯಿಂದ ಹೆಬ್ಬೆರಳು.

ಎಲ್ಲರಿಗೂ ಕಾರಣ ಸಿಕ್ಕಿತ್ತು. ಬೇವು. ಅದು ಕೈಕೊಟ್ಟಿತು, ಅಷ್ಟೇ.

ಮುಂದಿನ ಭಾನುವಾರ ಗೇಟಿನ ಮುಂದೆ ಯಾರೂ ಬರಲಿಲ್ಲ. ನಮಸ್ಕಾರ ಹೇಳಿ ಹೋದವರುಂಟು, ಚೀಲ ತಂದವರಿಲ್ಲ. ಅಣ್ಣ ಟೆಂಪೋ ತಿರುಗಿಸಿದ. ಉಳಿದ ಹಣ್ಣೆಲ್ಲ ಮಂಡಿಗೆ ಹೋಯಿತು, ಅವರು ಹೇಳಿದ ರೇಟಿಗೆ. ಅಂದು ಸಂಜೆಯೇ ಅತ್ತಿಗೆಗೆ ಹೇಳಿದನಂತೆ: "ಸಾಕಿನ್ನು ಬೇವು. ಮುಂದಿನ ಬೆಳೆಗೆ ಔಷಧಿನೇ." ಅತ್ತಿಗೆ ತಿರುಗಿ ಮಾತಾಡಲಿಲ್ಲವಂತೆ. ಮಾತಾಡಲು ಅವರ ಕೈಯಲ್ಲಿ ಏನಿತ್ತು?

ಈಗ ನಮ್ಮ ಯಜಮಾನರ ವಿಷಯಕ್ಕೆ ಬರಬೇಕು. ಅವರಿಗೆ ಶುಗರ್. ಸಿಹಿ ಕಂಡರೆ ಆಸೆ, ನನ್ನನ್ನು ಕಂಡರೆ ಭಯ. ಆದ್ದರಿಂದ ಬಚ್ಚಿಡುವುದರಲ್ಲಿ ನಿಪುಣರು. ಮಾರಾಟ ಕೈಕೊಟ್ಟ ಆ ಭಾನುವಾರ ಕಳೆದು ಒಂದೆರಡು ದಿನಕ್ಕೆ ಸ್ಟೋರ್ ರೂಮಿನ ಅಟ್ಟದ ಮೇಲಿನಿಂದ ಏನೋ ಇಳಿಸಲು ಹೋದೆ. ಹಳೇ ಫ್ಯಾನಿನ ಡಬ್ಬದ ಹಿಂದೆ, ನ್ಯೂಸ್‌ಪೇಪರಿನ ಮೇಲೆ, ಅರ್ಧ ತಿಂದ ಒಂದು ದ್ರಾಕ್ಷಿ ಗೊಂಚಲು.

"ರೀ! ಇದು ಯಾವಾಗಿನ್ದು?"

ತಪ್ಪೊಪ್ಪಿಗೆ ಬಂತು. ಆ ಶನಿವಾರದ್ದೇ. ನಾವು ಬಕೆಟ್ ತುಂಬಿಸಿಕೊಂಡು ಬರುವ ಮೊದಲೇ ಕ್ರೇಟಿನಿಂದ ಎತ್ತಿಟ್ಟದ್ದು. ಒರೆಸುವ ಮೊದಲೇ.

ನಾನು ಅದನ್ನು ಬೆಳಕಿಗೆ ಹಿಡಿದೆ. ತೊಟ್ಟು ಒಣಗಿತ್ತು. ಹಣ್ಣು ಗಟ್ಟಿಯಾಗಿತ್ತು. ಮೇಲೆ ಬಿಳಿ ಪುಡಿ ಹಾಗೆಯೇ ಇತ್ತು. ಒಂದು ಕಿತ್ತು ಬಾಯಿಗೆ ಹಾಕಿಕೊಂಡೆ. ಸಿಹಿಯಾಗಿತ್ತು.

ಗಂಡನನ್ನು ಬೈಯುವುದನ್ನೂ ಮರೆತು ಅಲ್ಲೇ ಸ್ಟೂಲ್ ಮೇಲೆ ಕುಳಿತು ಮೊಬೈಲ್ ತೆಗೆದೆ. ಹುಡುಕಲು ಹೆಚ್ಚು ಹೊತ್ತೇನೂ ಬೇಕಾಗಲಿಲ್ಲ. ಆ ಪುಡಿ ಔಷಧಿಯಲ್ಲ. ಧೂಳೂ ಅಲ್ಲ. ಹಣ್ಣು ತನ್ನ ಮೈಗೆ ತಾನೇ ಹಚ್ಚಿಕೊಳ್ಳುವ ಮೇಣ. ಒಳಗಿನ ನೀರು ಆರದ ಹಾಗೆ, ಹೊರಗಿನ ತೇವ ಅಂಟದ ಹಾಗೆ, ಬೂಜು ಹತ್ತದ ಹಾಗೆ. ನಾವು ಅದನ್ನು ಉಜ್ಜಿ ತೆಗೆದು, ನೀರು ಹಚ್ಚಿ, ಮುಚ್ಚಳ ಹಾಕಿ ಇಟ್ಟಿದ್ದೆವು. ಇಷ್ಟು ಸಣ್ಣ ವಿಷಯವನ್ನು ಒರೆಸುವ ಮೊದಲು ಹುಡುಕಬಹುದಿತ್ತು. ಯಾಕೆ ಹುಡುಕಲಿಲ್ಲ? ಹೊಳೆಯುವುದು ಶುದ್ಧ ಎಂದು ನಮಗೆಲ್ಲ ಮೊದಲೇ ಗೊತ್ತಿತ್ತಲ್ಲ!

ತಕ್ಷಣ ಅಣ್ಣನಿಗೆ ಫೋನ್ ಮಾಡಿದೆ. ಉಸಿರು ಬಿಡದೆ ಎಲ್ಲ ಹೇಳಿದೆ. ಬೇವು ಕೈಕೊಟ್ಟಿಲ್ಲ ಅಣ್ಣ, ಒರೆಸಿದ್ದರಿಂದ ಹಾಳಾಗಿದ್ದು, ಇನ್ನೊಂದು ಬೆಳೆ ನೋಡು, ವಾಕಿಂಗ್ ಗ್ರೂಪಿನವರಿಗೆ ನಾನೇ ತಿಳಿಸಿ ಹೇಳುತ್ತೇನೆ.  ಭಾಷಣಕಾರ ಸುಮ್ಮನಿದ್ದಾನೆ.

"ಅಣ್ಣಾ, ಕೇಳಿಸ್ತಾ?"

"ಗೊತ್ತು ಕಣೆ."

"ಏನ್ ಗೊತ್ತು?"

"ಮಂಗಳವಾರಾನೇ ಗೊತ್ತಾಯ್ತು. ಅದೇ ದಿನ ಕೊಯ್ದಿದ್ದು, ಒರೆಸದೇ ಇದ್ದಿದ್ದು ಒಂದು ಕ್ರೇಟ್ ಮನೇಲೇ ಉಳಿದಿತ್ತು. ಅದು ಚೆನ್ನಾಗೇ ಇತ್ತು."

 ಅವನೇ ಮುಂದುವರಿಸಿದ. ಈ ಸಲ ಭಾಷಣದ ದನಿಯಲ್ಲ. "ಬೇವು ಅಂದ್ರೆ ಕೆಲ್ಸ ಎರಡರಷ್ಟು ಶಾರೂ. ಮಳೆ ಬಂದ್ರೆ ಮತ್ತೆ ಹೊಡಿ, ಮತ್ತೆ ಹೊಡಿ. ನಂಗೂ ಮಂಡಿ ನೋವು. ಆ ಡ್ರಮ್ಮು, ಆ ಕಷಾಯ, ದಿನಾ ಎಲೆ ತಿರುವಿ ನೋಡೋದು. ಇನ್ನೊಂದ್ ವರ್ಷ ನನ್ನ ಕೈಲಾಗಲ್ಲ. ಹೆಂಗೂ ಎಲ್ರೂ ಬೇವಿನ ಮೇಲೆ ಹಾಕಿದ್ರು, ನಾನೂ ಸುಮ್ನಾದೆ." ಆಮೇಲೆ ಹೇಳಿದ: "ಅವಳಿಗೆ ಹೇಳ್ಬೇಡ. ಗೊತ್ತಾದ್ರೆ ಮತ್ತೆ ಬೇವು ಅಂತ ಕೂತ್ಕೋತಾಳೆ. ಬೇಡ ಅನ್ನೋಕೆ ನನ್ ಹತ್ರ ಕಾರಣ ಇರಲ್ಲ."

ನಾನು ಜಗಳವಾಡಬೇಕಿತ್ತು. ಆಡಲಿಲ್ಲ. ಅವನ ದಣಿವು ಸುಳ್ಳಲ್ಲ. ಪಂಪ್ ಹೊರುವುದು ಅವನ ಬೆನ್ನು, ನನ್ನದಲ್ಲ. ಆದರೆ ಆ ದಣಿವನ್ನು ಹೆಂಡತಿಯ ಮುಂದೆ ಹೇಳಬಹುದಿತ್ತಲ್ಲ? ನನಗೆ ಆಗುತ್ತಿಲ್ಲ, ಬಾ, ಏನಾದರೂ ದಾರಿ ಹುಡುಕೋಣ ಎಂದು. ಅದರ ಬದಲು ಪಾಪದ ಬೇವಿನ ಮರದ ಮೇಲೆ ಹಾಕಿದ. ಮರ ತಿರುಗಿ ಮಾತಾಡುವುದಿಲ್ಲ.

ಆಗಲಿ ಎಂದು ಫೋನ್ ಇಟ್ಟೆ. ವಾಕಿಂಗ್ ಗ್ರೂಪಿಗೂ ಹೇಳಲಿಲ್ಲ. ಅವರಿಗೆ ಹೇಳಿದರೆ ಅತ್ತಿಗೆಗೆ ತಲುಪಲು ಎಷ್ಟು ಹೊತ್ತು?

ಕೊಯ್ಲಾದ ಬಳ್ಳಿ ಕತ್ತರಿಸಿದರು. ಚಿಗುರು ಬಂತು. ಔಷಧಿ ಬಂತು. ಬ್ಯಾಗ್ ಹಿಡಿದು ಅತ್ತಿಗೆಯೂ ಬಂದರು. ಈಗ ಮಳೆ ಹಿಡಿದಿರುವುದರಿಂದ ತೋಟಕ್ಕೆ ಮೇಲಿಂದ ಮೇಲೆ ಹೊಡೆಯುತ್ತಿದ್ದಾರೆ. ಈ ವಾರ ಪೂರ್ತಿ ನಮ್ಮ ಮನೆಯಲ್ಲೇ ಇದ್ದಾರೆ. ಉಬ್ಬಸ ಈ ಸಲ ಬೇಗ ಇಳಿಯುತ್ತಿಲ್ಲ. ಮಾತಿನ ನಡುವೆ ನಿಂತು ಉಸಿರು ಎಳೆದುಕೊಳ್ಳುತ್ತಾರೆ, ನಾನು ಬೇರೆ ಕಡೆ ನೋಡುತ್ತೇನೆ. ಮುದ್ದೆ, ಬಸ್ಸಾರು ಎಲ್ಲ ಇದೆ. ನನಗೇ ಸೇರುತ್ತಿಲ್ಲ.

ಮೊನ್ನೆ ವಾಕಿಂಗ್‌ಗೆ ಹೋದೆವು. ಮತ್ತೆ ಅದೇ ಕಾಲ. ಫುಟ್‌ಪಾತ್ ತುಂಬ ಬೇವಿನ ಹಣ್ಣು. ಅತ್ತಿಗೆ ಸೀರೆಯ ನೆರಿಗೆ ಸ್ವಲ್ಪ ಎತ್ತಿ ಹಿಡಿದು, ಜಾರದ ಹಾಗೆ ನೋಡಿಕೊಂಡು ದಾಟಿದರು. ಬಗ್ಗಲಿಲ್ಲ. ನಮ್ಮೆಲ್ಲರ ಹಾಗೆಯೇ ದಾಟಿದರು. ನಾನು ನೋಡಬಾರದಿತ್ತು, ನೋಡಿಬಿಟ್ಟೆ.

ಮನೆಗೆ ಬಂದು ಚಪ್ಪಲಿ ಬಿಡುತ್ತಾ ಅವರು ಮೆಟ್ಟಿಲ ಮೇಲೆ ಕುಳಿತರು. ಏನೋ ಲೆಕ್ಕ ತಪ್ಪಿದವರ ಹಾಗೆ ತಮ್ಮ ಕೈಗಳನ್ನೇ ನೋಡಿಕೊಂಡು ಹೇಳಿದರು:

"ಶಾರೂ, ಆವತ್ತು ಆ ಪುಡಿ ಇನ್ನೂ ಎಲ್ಲೋ ಒಳಗಡೆ ಉಳ್ಕೊಂಡಿತ್ತು ಅನ್ಸುತ್ತೆ ಕಣೆ. ನಾನು ಇನ್ನೊಂಚೂರು ಚೆನ್ನಾಗಿ ಒರೆಸ್ಬೇಕಾಗಿತ್ತು, ಅಲ್ವಾ?"

ನಾನು "ಕಾಫಿ ತರ್ತೀನಿ ಅತ್ತಿಗೆ" ಎಂದು ಒಳಗೆ ಹೋದೆ. ಹಾಲು ಕಾಯಿಸಲು ಅಷ್ಟು ಹೊತ್ತು ಯಾರೂ ತೆಗೆದುಕೊಳ್ಳುವುದಿಲ್ಲ.

ಮುಖ ನೋಡಿ ಹೇಳಲಾಗದ್ದನ್ನು ಇಲ್ಲಿ ಬರೆದಿದ್ದೇನೆ. ಅಣ್ಣನಿಗೆ ಕೊಟ್ಟ ಮಾತು ಇದರಿಂದ ಮುರಿಯುತ್ತದೆ, ಅದೂ ಗೊತ್ತು. ಅತ್ತಿಗೆ ನಮ್ಮ ಮನೆಯಲ್ಲಿದ್ದಾಗ ಬೆಳಗಿನ ಕಾಫಿಯ ಜೊತೆ ಮೊದಲು ಬಿಡಿಸುವುದು ಪೇಪರಿನ ಈ ಪುಟವನ್ನೇ. ನಾನು ಬರೆಯುತ್ತೇನೆ ಅನ್ನುವ ಅಭಿಮಾನ. ಪೇಪರ್ ಗೇಟಿನ ಒಳಗೆ ಬಂದು ಬಿದ್ದಿರುತ್ತದೆ, ಎತ್ತಿಕೊಂಡು ಬರುವವಳು ನಾನು.

ನೀವಾಗಿದ್ದರೆ ಅವರ ಕೈಗೆ ಕೊಡುತ್ತಿದ್ದಿರಾ?